ಕೆರೆಯ ಮೀನಿಗೆ ಗಾಳವೂ ಬಲೆಯೂ: ಎರಡಕ್ಕೂ ಒಂದೇ ಲೆಕ್ಕ



ನಿಮ್ಮೂರ ಕೆರೆಗೆ ಮೀನುಮರಿ ಬಿಟ್ಟು ನಾಲ್ಕೈದು ತಿಂಗಳಾಗಿದೆ ಎಂದು ಭಾವಿಸಿ. ಗುತ್ತಿಗೆ ಹಿಡಿದವರು ಹಣ ಕಟ್ಟಿದ್ದಾರೆ, ಮರಿ ಕೊಂಡು ತಂದು ಬಿಟ್ಟಿದ್ದಾರೆ, ಕಾವಲಿಗೆ ಆಳು ಇಟ್ಟಿದ್ದಾರೆ. ಭಾನುವಾರ ಬೆಳಗಾದರೆ ಸಾಕು, ಏರಿಯ ಮೇಲೆ ಹತ್ತಿಪ್ಪತ್ತು ಜನ ಗಾಳದ ಕೋಲು ಹಿಡಿದು ಕುಳಿತಿರುತ್ತಾರೆ. ಕೆಲವರು ಊರಿನ ಹುಡುಗರೇ. ಇನ್ನು ಕೆಲವರು ಪಟ್ಟಣದ ಬಡಾವಣೆಗಳಿಂದ ಮೋಟಾರು ಸೈಕಲ್ಲಿನಲ್ಲಿ ಬಂದವರು. ‘ಒಂದು ಗಾಳದಿಂದ ಕೆರೆ ಬರಿದಾಗುತ್ತದೆಯೇ?’ ಎಂದು ಅವರು ಕೇಳುತ್ತಾರೆ. ‘ಮರಿ ಬಿಟ್ಟವರು ನಾವು, ಮೀನು ತಿನ್ನುವವರು ಅವರು’ ಎಂದು ಗುತ್ತಿಗೆದಾರರು ಹೇಳುತ್ತಾರೆ. ಮಾತಿಗೆ ಮಾತು ಬೆಳೆದು ಜಗಳ ಪಂಚಾಯಿತಿ ಕಟ್ಟೆ ಹತ್ತುತ್ತದೆ.

ಇಬ್ಬರ ಮಾತಿನಲ್ಲಿಯೂ ಅರ್ಧ ನಿಜವಿದೆ. ಗಾಳದಿಂದ ಕೆಲವು ಮೀನುಗಳಿಗೆ ಹಾನಿ, ಕೆಲವು ಮೀನುಗಳ ವಿಷಯದಲ್ಲಿ ಅದೇ ಗಾಳದಿಂದ ಕೆರೆಗೆ ಉಪಕಾರ. ಬಲೆಯ ವಿಷಯವೂ ಹೀಗೆಯೇ. ಆದುದರಿಂದ ‘ಗಾಳ ಬೇಡ’ ಎಂದೋ ‘ಎಲ್ಲರೂ ಹಿಡಿಯಲಿ’ ಎಂದೋ ಒಂದೇ ಮಾತಿನಲ್ಲಿ ತೀರ್ಮಾನಿಸುವುದು ಸರಿಯಲ್ಲ. ಯಾವ ಮೀನನ್ನು, ಯಾವ ಅಳತೆಯಲ್ಲಿ, ಯಾವ ತಿಂಗಳಿನಲ್ಲಿ, ಎಷ್ಟು ಹಿಡಿಯಬಹುದು ಎಂಬುದನ್ನು ಗೊತ್ತುಮಾಡಿಕೊಂಡು, ಬಲೆಯ ಮೀನನ್ನೂ ಗಾಳದ ಮೀನನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಬೇಕು. ಅದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪಟ್ಟಣದ ಕೆರೆ, ಹಳ್ಳಿಯ ಕೆರೆ

ಬೆಂಗಳೂರಿನ ದಕ್ಷಿಣ ಭಾಗವನ್ನೇ ನೋಡಿ. ಬಿ.ಟಿ.ಎಂ. ಬಡಾವಣೆಯ ಹೆಸರಿನಲ್ಲಿರುವ ಮೂರು ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳವು. ಅಲ್ಲಿ ಈಗಲೂ ಸುಮಾರು 275 ಎಕರೆ ಹರಹಿನ ಮಡಿವಾಳ ಕೆರೆ ಇದೆ. ಜೆ.ಪಿ. ನಗರದಲ್ಲಿ ಸಾರಕ್ಕಿ ಮತ್ತು ಪುಟ್ಟೇನಹಳ್ಳಿ ಕೆರೆಗಳು, ಜಯನಗರದ ಬದಿಯಲ್ಲಿ ಬೈರಸಂದ್ರ ಕೆರೆ, ಬನಶಂಕರಿಗೆ ಹೋಗುವ ದಾರಿಯಲ್ಲಿ ಯಡಿಯೂರು ಕೆರೆ, ಬನ್ನೇರುಘಟ್ಟ ರಸ್ತೆಯ ಕಡೆ ಅರಕೆರೆ ಮತ್ತು ಹುಳಿಮಾವು ಕೆರೆಗಳು ಉಳಿದಿವೆ. ಇವೆಲ್ಲ ಒಂದು ಕಾಲದಲ್ಲಿ ತೂಬು, ಕೋಡಿ, ಅಚ್ಚುಕಟ್ಟು ಇದ್ದ ಬೇಸಾಯದ ಕೆರೆಗಳೇ. ಈಗ ಏರಿಯ ಕೆಳಗೆ ಗದ್ದೆಯಿಲ್ಲ, ಮನೆಗಳಿವೆ. ಸುತ್ತ ಬೇಲಿ ಬಿದ್ದಿದೆ, ನಡೆದಾಡುವ ದಾರಿಯಾಗಿದೆ. ಹಲವು ಕಡೆ ಗಾಳ ಹಾಕಬಾರದೆಂಬ ಫಲಕವೂ ಇದೆ.

ಪಟ್ಟಣದ ಕೆರೆಯ ವಿಷಯ ನಮಗೇಕೆ ಎಂದು ನೀವು ಕೇಳಬಹುದು. ಪಟ್ಟಣದ ಕೆರೆಗೆ ಬೇಲಿ ಬಿದ್ದರೆ ಗಾಳ ಹಾಕುವವನ ಆಸೆಗೆ ಬೇಲಿ ಬೀಳುವುದಿಲ್ಲ. ಅವನು ಕನಕಪುರ ರಸ್ತೆಯನ್ನೋ ಆನೇಕಲ್ಲಿನ ದಾರಿಯನ್ನೋ ಹಿಡಿದು ನಿಮ್ಮ ಕೆರೆಗೆ ಬರುತ್ತಾನೆ. ಒಂದು ಕೆರೆಯಲ್ಲಿ ನಿಷೇಧ ಮಾಡಿದರೆ ಪಕ್ಕದ ಕೆರೆಯ ಮೇಲೆ ಭಾರ ಹೆಚ್ಚುತ್ತದೆ. ಆದುದರಿಂದ ನಿಯಮ ಮಾಡುವಾಗ ಒಂದೊಂದು ಕೆರೆಯನ್ನು ಬೇರೆಬೇರೆಯಾಗಿ ನೋಡದೆ ಆ ಸಾಲಿನ ಕೆರೆಗಳನ್ನು ಒಟ್ಟಿಗೆ ನೋಡಬೇಕು. ಮೇಲಿನ ಕೆರೆ ಕೋಡಿ ಬಿದ್ದಾಗ ಕೆಳಗಿನ ಕೆರೆಗೆ ನೀರಿನೊಡನೆ ಮೀನೂ ಇಳಿದು ಬರುತ್ತದೆಯಲ್ಲವೇ?

ಕೆರೆಯ ಮೀನು ಬರುವುದು ಎಲ್ಲಿಂದ?

ನಿಯಮ ಮಾಡುವ ಮುನ್ನ ಕೆರೆಯಲ್ಲಿರುವ ಮೀನುಗಳನ್ನು ಎರಡು ಗುಂಪು ಮಾಡಿಕೊಳ್ಳಬೇಕು.

ಮೊದಲನೆಯದು ನಾವು ಬಿತ್ತುವ ಮೀನು. ಕಾಟ್ಲಾ, ರೋಹು, ಮೃಗಾಲ್ ಈ ಗುಂಪಿನವು. ಇವು ಮೂಲತಃ ಉತ್ತರ ಭಾರತದ ದೊಡ್ಡ ನದಿಗಳ ಮೀನುಗಳು. ಮಳೆಗಾಲದಲ್ಲಿ ಪ್ರವಾಹ ಬಂದಾಗ ಹರಿಯುವ ನೀರಿನಲ್ಲಿ ಮೊಟ್ಟೆಯಿಡುತ್ತವೆ. ನಿಂತ ನೀರಿನ ಕೆರೆಯಲ್ಲಿ ಇವು ಬೆಳೆಯುತ್ತವೆ, ಆದರೆ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಡಾ. ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಇಂದಿಗೂ ಜುಲೈ 10 ಮೀನು ಕೃಷಿಕರ ದಿನವಾಗಿ ನಡೆಯುತ್ತಿದೆ. ಆ ವಿಧಾನದಿಂದ ಬಂದ ಮರಿಗಳೇ ಇಂದು ನಿಮ್ಮ ಕೆರೆಗೆ ಬರುತ್ತಿರುವುದು. ಹುಲ್ಲುಗೆಂಡೆ ಮತ್ತು ಬೆಳ್ಳಿಗೆಂಡೆಗಳೂ ಹೀಗೆಯೇ. ಈ ಮೀನುಗಳ ಮಟ್ಟಿಗೆ ಕೆರೆ ಒಂದು ಹೊಲವಿದ್ದಂತೆ. ಬಿತ್ತಿದಷ್ಟೇ ಬೆಳೆ.

ಎರಡನೆಯದು ತಾನಾಗಿ ಹುಟ್ಟುವ ಮೀನು. ಕೊರವ ಅಥವಾ ಮುರಲ್, ಚೇಳುಮೀನು, ಸಣ್ಣ ಗೆಂಡೆಗಳು ಇಲ್ಲಿನವೇ. ಹೊರಗಿನಿಂದ ಬಂದ ಸಾಮಾನ್ಯ ಗೆಂಡೆ ಮತ್ತು ಜಿಲೇಬಿ ಮೀನುಗಳೂ ಕೆರೆಯಲ್ಲಿಯೇ ಮರಿ ಮಾಡುತ್ತವೆ. ಇವುಗಳ ಮಟ್ಟಿಗೆ ಕೆರೆ ಹೊಲವೂ ಹೌದು, ಬಿತ್ತನೆಯ ಕಣಜವೂ ಹೌದು.

ಮೊದಲನೆಯ ಗುಂಪಿನಲ್ಲಿ ಸಣ್ಣ ಮೀನನ್ನು ಹಿಡಿಯಬಾರದೆನ್ನುವುದು ತೂಕದ ಕಾರಣದಿಂದ. ಎಳೆಯದನ್ನು ಹಿಡಿದರೆ ಬೆಳೆ ನಷ್ಟ. ಎರಡನೆಯ ಗುಂಪಿನಲ್ಲಿ ತಾಯಿಮೀನನ್ನು ಉಳಿಸಬೇಕೆನ್ನುವುದು ಸಂತಾನದ ಕಾರಣದಿಂದ. ಈ ಎರಡನ್ನೂ ಬೆರೆಸಿ ಎಲ್ಲ ಮೀನಿಗೂ ಒಂದೇ ಅಳತೆ ಹೇಳುವುದರಿಂದಲೇ ಹಲವು ಕಡೆ ನಿಯಮವಿದ್ದೂ ಫಲವಿಲ್ಲ.

ಎಳೆಯ ಮೀನಿನ ಲೆಕ್ಕ

ಒಂದು ಉದಾಹರಣೆ ನೋಡೋಣ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ಇಟ್ಟುಕೊಂಡಿದೆ. ನಿಮ್ಮ ಕೆರೆಯ ಅಂಕಿಗಳನ್ನು ಹಾಕಿ ನೀವೇ ಮಾಡಿ ನೋಡಬಹುದು.

ಕೆರೆಯ ನೀರಿನ ಹರಹು 10 ಹೆಕ್ಟೇರು. ಹೆಕ್ಟೇರಿಗೆ 1,500ರಂತೆ 15,000 ಬೆರಳುದ್ದದ ಮರಿ ಬಿಟ್ಟಿರಿ. ಹಕ್ಕಿ, ಹಾವು, ದೊಡ್ಡ ಮೀನುಗಳ ಬಾಯಿಗೆ ಹೋಗಿ ಮೊದಲ ತಿಂಗಳುಗಳಲ್ಲಿ ಅರ್ಧ ಕಳೆದರೆ 7,500 ಉಳಿಯುತ್ತವೆ. ಯಾರೂ ಮುಟ್ಟದಿದ್ದರೆ ಇವುಗಳಲ್ಲಿ ಐದಕ್ಕೆ ನಾಲ್ಕರಂತೆ 6,000 ಮೀನು ಕೊಯ್ಲಿಗೆ ಬರುತ್ತವೆ ಎನ್ನೋಣ. ತಲಾ ಮುಕ್ಕಾಲು ಕಿಲೋ ತೂಗಿದರೆ ಒಟ್ಟು 4,500 ಕಿಲೋ.

ಈಗ ಮೀನು 200 ಗ್ರಾಂ ಇರುವ ಹೊತ್ತಿಗೆ ಗಾಳದವರು ಬಂದರು. ಭಾನುವಾರಕ್ಕೆ 20 ಜನ, ತಲಾ 5 ಮೀನು. 25 ಭಾನುವಾರಗಳಲ್ಲಿ 2,500 ಮೀನು, ಅಂದರೆ 500 ಕಿಲೋ. ಕೆರೆಯಲ್ಲಿ ಉಳಿದದ್ದು 5,000. ಅದರಲ್ಲಿ ಐದಕ್ಕೆ ನಾಲ್ಕರಂತೆ 4,000 ಮೀನು ಬಲಿತು 3,000 ಕಿಲೋ ಆಗುತ್ತದೆ.

ಗುತ್ತಿಗೆದಾರರಿಗೆ ಕಡಿಮೆಯಾದದ್ದು 1,500 ಕಿಲೋ. ಗಾಳದವರಿಗೆ ಸಿಕ್ಕಿದ್ದು 500 ಕಿಲೋ. ಉಳಿದ 1,000 ಕಿಲೋ ಯಾರ ಮನೆಗೂ ಹೋಗಲಿಲ್ಲ! ರಾಗಿಯನ್ನು ಹಾಲುಗಾಳಿನಲ್ಲಿ ಕೊಯ್ದರೆ ಕೊಯ್ದವನ ಹೊಟ್ಟೆಯೂ ತುಂಬುವುದಿಲ್ಲ, ಬಿತ್ತಿದವನ ಕಣಜವೂ ತುಂಬುವುದಿಲ್ಲ. ಅದೇ ಗಾಳದವರು ಮೀನು ಬಲಿಯುವವರೆಗೆ ತಡೆದು ಆಮೇಲೆ 500 ಕಿಲೋ ಹಿಡಿದಿದ್ದರೆ ಸುಮಾರು 670 ಮೀನು ಸಾಕಾಗುತ್ತಿತ್ತು. ಗುತ್ತಿಗೆದಾರರಿಗೂ 4,000 ಕಿಲೋ ಉಳಿಯುತ್ತಿತ್ತು.

ಮೀನು ವಿರಳವಾದರೆ ಉಳಿದವು ಮೇವು ಹೆಚ್ಚು ಸಿಕ್ಕಿ ತುಸು ಬೇಗ ಬೆಳೆಯುತ್ತವೆ ಎಂಬುದೂ ನಿಜ. ಮಿತಿಮೀರಿ ಮರಿ ಬಿಟ್ಟ ಕೆರೆಯಲ್ಲಿ ತೆಳುಮಾಡುವುದರಿಂದ ಅನುಕೂಲವೇ ಆಗಬಹುದು. ಆದರೆ ಹದವಾಗಿ ಬಿತ್ತಿದ ಕೆರೆಯಲ್ಲಿ ಎಳೆಯ ಮೀನು ಹಿಡಿದ ನಷ್ಟ ಅಷ್ಟರಿಂದ ಪೂರ್ತಿ ತುಂಬುವುದಿಲ್ಲ.

ಮೀನಿಗೊಂದು ನಿಯಮ

ಮೇಲಿನ ವಿಚಾರಗಳನ್ನು ಗಮನದಲ್ಲಿಟ್ಟುಕೊಂಡು ಊರಿನ ಕೆರೆಗೆ ಈ ಕೆಳಗಿನಂತೆ ನಿಯಮ ಮಾಡಿಕೊಳ್ಳಬಹುದು.

1. ಕಾಟ್ಲಾ, ರೋಹು, ಮೃಗಾಲ್: ಬಾಯಿಯಿಂದ ಬಾಲದ ತುದಿಯವರೆಗೆ ಒಂದೂವರೆ ಗೇಣು, ಅಂದರೆ ಸುಮಾರು 35 ಸೆಂ.ಮೀ. ಆಗುವವರೆಗೆ ಹಿಡಿಯಬಾರದು. ಗಾಳಕ್ಕೆ ಬಿದ್ದರೆ ಬಿಡತಕ್ಕದ್ದು. ಏರಿಯ ಕಲ್ಲಿನ ಮೇಲೆ ಬಣ್ಣದಿಂದ ಈ ಅಳತೆಯ ಗೆರೆ ಎಳೆದಿಟ್ಟರೆ ವಾದಕ್ಕೆ ಎಡೆಯಿಲ್ಲ.

2. ಸಾಮಾನ್ಯ ಗೆಂಡೆ: ಇದಕ್ಕೂ ಅದೇ ಅಳತೆ ಸಾಕು. ಇದು ಜನವರಿಯಿಂದ ಮಾರ್ಚ್‌ವರೆಗೆ ಮತ್ತು ಮತ್ತೆ ಜುಲೈ–ಆಗಸ್ಟ್‌ನಲ್ಲಿ ಹೆಚ್ಚಾಗಿ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ನೀರಿನ ಗಿಡಗಳಿಗೆ ಅಂಟಿಕೊಳ್ಳುತ್ತವೆ. ಆ ದಿನಗಳಲ್ಲಿ ಅಂಚಿನ ಜೊಂಡು, ಪಾಚಿಗಳನ್ನು ಪೂರ್ತಿ ಬಾಚಿ ತೆಗೆಯಬಾರದು.

3. ಕೊರವ: ಮಳೆಗಾಲದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳವನ್ನೂ ಬಲೆಯನ್ನೂ ಪೂರ್ತಿ ನಿಲ್ಲಿಸಬೇಕು. ಉಳಿದ ಕಾಲದಲ್ಲಿಯೂ 30 ಸೆಂ.ಮೀ.ಗಿಂತ ಚಿಕ್ಕದನ್ನು ಬಿಡಬೇಕು. ಕಾರಣವನ್ನು ಮುಂದೆ ಹೇಳಿದೆ.

4. ಜಿಲೇಬಿ ಮೀನು: ಅಳತೆಯ ಮಿತಿ ಬೇಡ, ಎಣಿಕೆಯ ಮಿತಿಯೂ ಬೇಡ. 1952ರಲ್ಲಿ ನಮ್ಮ ದೇಶಕ್ಕೆ ಬಂದ ಈ ಮೀನು ಎರಡು ಮೂರು ತಿಂಗಳಿಗೇ ಬಲಿತು, ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಪಾಡುವುದರಿಂದ ಮರಿಗಳು ಬಹುಪಾಲು ಉಳಿಯುತ್ತವೆ. ಕೆರೆಯಲ್ಲಿ ಕಿಕ್ಕಿರಿದು, ಅಂಗೈಯಗಲಕ್ಕೂ ಬೆಳೆಯದೆ, ಬಿತ್ತಿದ ಮೀನಿನ ಮೇವನ್ನೆಲ್ಲ ತಿಂದು ಮುಗಿಸುತ್ತದೆ. ಇದನ್ನು ಹಿಡಿದುಕೊಂಡು ಹೋಗುವ ಗಾಳದವನು ಗುತ್ತಿಗೆದಾರನಿಗೆ ಕಳೆ ಕಿತ್ತುಕೊಟ್ಟಂತೆ. ಅವನನ್ನು ಬೈದು ಕಳುಹಿಸಬೇಡಿ.

5. ಆಫ್ರಿಕಾದ ಕ್ಯಾಟ್‌ಫಿಷ್: ಇದರ ಸಾಕಣೆಯನ್ನು ಸರ್ಕಾರ ನಿಷೇಧಿಸಿದೆ. ಗಾಳಿಯನ್ನೂ ಉಸಿರಾಡಬಲ್ಲದಾದುದರಿಂದ ಕೊಳಚೆ ನೀರಿನಲ್ಲಿಯೂ ಬದುಕಿ, ಇತರ ಮೀನುಗಳನ್ನು ತಿಂದು ಬೆಳೆಯುತ್ತದೆ. ಗಾಳಕ್ಕೆ ಬಿದ್ದರೆ ಎಂತಹ ಸಣ್ಣದನ್ನೂ ನೀರಿಗೆ ಮರಳಿ ಬಿಡಬಾರದು. ಜೀವಂತವಾಗಿ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಒಯ್ಯಲೂಬಾರದು.

ಕೊರವನ ಕೆಂಪು ಮರಿಗಳು

ಮಳೆಗಾಲದಲ್ಲಿ ಕೆರೆಯ ಅಂಚಿನಲ್ಲಿ, ಜೊಂಡಿನ ನಡುವೆ, ಕೆಂಪು ಮಿಶ್ರಿತ ಹಳದಿ ಬಣ್ಣದ ಮರಿಗಳ ಒಂದು ಗುಂಪು ಕುದಿಯುವ ನೀರಿನ ಹಾಗೆ ಮೇಲೆ ಕೆಳಗೆ ಆಡುವುದನ್ನು ನೀವು ನೋಡಿರುತ್ತೀರಿ. ಅದು ಕೊರವನ ಸಂಸಾರ. ಗಂಡು ಹೆಣ್ಣು ಎರಡೂ ಸೇರಿ ಆಳವಿಲ್ಲದ ಕಡೆ ಗಿಡ ಸರಿಸಿ ಗೂಡು ಮಾಡುತ್ತವೆ. ಮೊಟ್ಟೆಗಳು ನೀರಿನ ಮೇಲೆ ತೇಲುತ್ತವೆ. ಮೊಟ್ಟೆಯೊಡೆದ ಮೇಲೆ ಮರಿಗಳು ಸ್ವತಂತ್ರವಾಗುವವರೆಗೆ ತಂದೆತಾಯಿಗಳು ಗುಂಪಿನ ಕೆಳಗೇ ಇದ್ದು ಕಾಯುತ್ತವೆ.

ಇದು ಬಲ್ಲ ಗಾಳದವನು ಮರಿಗಳ ಗುಂಪಿನ ನಡುವೆಯೇ ಕಪ್ಪೆ ಚುಚ್ಚಿದ ಗಾಳವನ್ನು ಹಾಕುತ್ತಾನೆ. ಕಾವಲಿರುವ ಮೀನು ಹಸಿವಿನಿಂದಲ್ಲ, ಮರಿಗಳನ್ನು ಕಾಯುವ ಸಿಟ್ಟಿನಿಂದ ಅದನ್ನು ಕಚ್ಚುತ್ತದೆ. ಆದ್ದರಿಂದ ಆ ಗಾಳ ಹುಸಿಹೋಗುವುದು ವಿರಳ. ಒಂದು ಮೀನು ಮೇಲೆ ಬಂತು. ಕಾವಲು ತಪ್ಪಿದ ಮರಿಗಳನ್ನು ಜಿಲೇಬಿ, ಹಕ್ಕಿ, ಕಪ್ಪೆಗಳು ತಿಂದು ಮುಗಿಸುತ್ತವೆ. ಹಿಡಿದದ್ದು ಒಂದು, ಹೋದದ್ದು ಇಡೀ ಸಂತಾನ. ಬಿತ್ತನೆಗೆಂದು ಎತ್ತಿಟ್ಟ ರಾಗಿಯನ್ನು ಬೀಸಿ ಉಂಡ ಹಾಗಾಯಿತು.

ಹೋದ ಕಾಟ್ಲಾವನ್ನು ಮರಿ ಕೊಂಡು ತುಂಬಿಸಬಹುದು. ಕೊರವನ ಮರಿಯನ್ನು ಗುತ್ತಿಗೆದಾರರು ಸಾಮಾನ್ಯವಾಗಿ ಕೊಂಡು ಬಿಡುವುದಿಲ್ಲ. ಕೆರೆಯಲ್ಲಿ ಹುಟ್ಟಿದರಷ್ಟೇ ಉಂಟು. ಕೊರವ ಸಣ್ಣ ಮೀನುಗಳನ್ನು ತಿನ್ನುತ್ತದೆಂದು ಗುತ್ತಿಗೆದಾರರಿಗೆ ಅದರ ಮೇಲೆ ಕೋಪ. ತೀರ ಚಿಕ್ಕ ಮರಿ ಬಿಟ್ಟರೆ ಅದು ತಿನ್ನುವುದು ನಿಜವೇ. ಆದರೆ ಜಿಲೇಬಿಯ ಮರಿಗಳನ್ನು ತಿಂದು ಕಡಿಮೆ ಮಾಡುವುದೂ ಅದೇ. ನೀವು 8ರಿಂದ 10 ಸೆಂ.ಮೀ. ಉದ್ದದ ಬಲಿತ ಮರಿಗಳನ್ನೇ ಬಿಟ್ಟರೆ ಕೊರವನ ಭಯ ಬಹಳ ಮಟ್ಟಿಗೆ ತಪ್ಪುತ್ತದೆ, ಕೊರವನ ಉಪಕಾರವೂ ಸಿಗುತ್ತದೆ.

ಬಲೆಯವರೂ ನಿಯಮಕ್ಕೆ ಒಳಪಡಬೇಕು

ಗಾಳದವನಿಗೆ ನಿಯಮ ಹೇಳುವ ಮೊದಲು ಬಲೆಯವನು ತನ್ನ ಬಲೆಯ ಕಣ್ಣನ್ನು ನೋಡಿಕೊಳ್ಳಬೇಕು. ತುಂಗಭದ್ರಾ ಜಲಾಶಯದಲ್ಲಿ ಅಲಿವಿ ಬಲೆಯ ವಿಷಯ ಹಲವರಿಗೆ ಗೊತ್ತು. ದಡಕ್ಕೆ ಎಳೆಯುವ ಆ ಸಣ್ಣ ಕಣ್ಣಿನ ಬಲೆಯಲ್ಲಿ ಬಲಿತ ಮೀನಿನೊಡನೆ ಮರಿಯೂ ಬಾಚಿಕೊಂಡು ಬರುತ್ತದೆ. ಕೆರೆಯಲ್ಲಿ ಸೊಳ್ಳೆಪರದೆಯಂತಹ ಬಲೆ ಎಳೆಯುವುದೂ ಅಷ್ಟೇ ಕೆಟ್ಟದ್ದು. ಅಂತಹ ಒಂದು ಎಳೆತ ನೂರು ಗಾಳಗಳ ಒಂದು ದಿನದ ಕೆಲಸಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು. ಬಿತ್ತಿದ ಗೆಂಡೆಗಳಿಗೆ ಹಾಕುವ ಬಲೆಯ ಕಣ್ಣು, ಎಳೆದು ಅಳೆದಾಗ, 10 ಸೆಂ.ಮೀ.ಗಿಂತ ಕಡಿಮೆ ಇರದಿರುವುದು ಒಳ್ಳೆಯದು.

ಮೀನು ಬಲಿತದ್ದನ್ನು ಊಹೆಯಿಂದ ಹೇಳಬಾರದು. ತಿಂಗಳಿಗೊಮ್ಮೆ ಬೀಸುಬಲೆ ಹಾಕಿ ಪ್ರತಿ ಜಾತಿಯ ಹತ್ತು ಮೀನುಗಳನ್ನು ತೂಗಿ, ಸರಾಸರಿ ಬರೆದುಕೊಂಡು, ಒದ್ದೆ ಕೈಯಿಂದ ಮರಳಿ ಬಿಡಬೇಕು.

ಕಾವೇರಿ ತೀರದ ಒಂದು ಪುಸ್ತಕ

ಗಾಳದವರಿಂದ ಲೆಕ್ಕ ಬರೆಸುವುದು ಆಗದ ಕೆಲಸವೆಂದು ಹೇಳುವವರಿದ್ದಾರೆ. ನಮ್ಮ ರಾಜ್ಯದಲ್ಲಿಯೇ ಅದು ಆಗಿದೆ. ಕಾವೇರಿಯ ದಂಡೆಯಲ್ಲಿ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಮಹಸೀರ್ ಮೀನಿಗೆ ಗಾಳ ಹಾಕುವ ಶಿಬಿರಗಳಿದ್ದವು. ಹಿಡಿದ ಮೀನನ್ನು ತೂಗಿ ಜೀವಂತವಾಗಿ ಮರಳಿ ಬಿಡಬೇಕೆಂಬುದು ಅಲ್ಲಿನ ಕಟ್ಟಳೆ. ಗಾಳಿಬೋರೆಯ ಶಿಬಿರದಲ್ಲಿ ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಮೀನು ಬಿತ್ತು, ತೂಕವೆಷ್ಟು ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ವನ್ಯಧಾಮದೊಳಗೆ ಗಾಳಕ್ಕೆ ಅವಕಾಶವಿಲ್ಲವೆಂದಾದ ಮೇಲೆ, 2012ರಲ್ಲಿ, ಅಲ್ಲಿ ಗಾಳ ನಿಂತಿತು.

1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ವಿಜ್ಞಾನಿಗಳು ಪರಿಶೀಲಿಸಿ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್ ಹೆಚ್ಚುತ್ತ ಹೋಗಿತ್ತು. ಕಾವೇರಿಯದೇ ಆದ ಗೂನುಬೆನ್ನಿನ ಮಹಸೀರ್ ಕುಸಿಯುತ್ತ ಹೋಗಿತ್ತು. ಗೂನುಬೆನ್ನಿನ ಮೀನು ಅಪರೂಪವಾದಂತೆಲ್ಲ ಸಿಕ್ಕ ಒಂದೊಂದರ ತೂಕ ಹೆಚ್ಚಾಗುತ್ತಿತ್ತು. ದೊಡ್ಡ ಮೀನು ಸಿಕ್ಕಿತೆಂದು ಗಾಳ ಹಾಕಿದವರು ಹಿಗ್ಗಿರಬೇಕು. ವಾಸ್ತವದಲ್ಲಿ ಹೊಸ ಮರಿಗಳು ಬರುವುದು ನಿಂತು, ಮುದಿ ಮೀನುಗಳಷ್ಟೇ ಉಳಿದಿದ್ದುದರ ಗುರುತು ಅದು. ಊರಿನಲ್ಲಿ ಮಕ್ಕಳೇ ಇಲ್ಲದೆ ಮುದುಕರಷ್ಟೇ ಉಳಿದರೆ ಊರಿನವರ ಸರಾಸರಿ ವಯಸ್ಸು ಏರುವುದಿಲ್ಲವೇ? 2018ರಲ್ಲಿ ಆ ಮೀನನ್ನು ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು.

ನದಿಯ ಮೀನಿನ ಈ ಪಾಠ ಕೆರೆಗೂ ಸಲ್ಲುತ್ತದೆ. ಒಟ್ಟು ಎಷ್ಟು ಕಿಲೋ ಎಂದು ಬರೆದರೆ ಸಾಲದು. ಜಾತಿವಾರು ಬರೆಯಬೇಕು, ಉದ್ದ ಬರೆಯಬೇಕು, ಎಷ್ಟು ಹೊತ್ತಿನಲ್ಲಿ ಸಿಕ್ಕಿತೆಂದೂ ಬರೆಯಬೇಕು.

ಹೊತ್ತಿನ ಲೆಕ್ಕ ಏಕೆಂದರೆ: ಜನವರಿಯ ಒಂದು ಭಾನುವಾರ 20 ಕೋಲುಗಳು 4 ಗಂಟೆ ಕುಳಿತು 40 ಮೀನು ಹಿಡಿದವು. ಒಟ್ಟು 80 ಗಂಟೆ, ಅಂದರೆ ಎರಡು ಗಂಟೆಗೊಂದು ಮೀನು. ಮಾರ್ಚ್‌ನಲ್ಲಿ 40 ಕೋಲುಗಳು 4 ಗಂಟೆ ಕುಳಿತು ಅದೇ 40 ಮೀನು ಹಿಡಿದವು. ಈಗ ನಾಲ್ಕು ಗಂಟೆಗೊಂದು. ಬುಟ್ಟಿಯನ್ನು ನೋಡಿದರೆ ಎರಡೂ ದಿನ ಒಂದೇ. ಹೊತ್ತನ್ನು ನೋಡಿದರೆ ಗಾಳಕ್ಕೆ ಮೀನು ಸಿಗುವುದು ಅರ್ಧಕ್ಕೆ ಇಳಿದಿದೆ. ನೀರು, ಬಿಸಿಲು, ಮೇವಿನ ವ್ಯತ್ಯಾಸದಿಂದಲೂ ಒಂದು ದಿನ ಹೀಗಾಗಬಹುದು. ಮೂರು ನಾಲ್ಕು ವಾರ ಹೀಗೆಯೇ ಇದ್ದರೆ ಕೋಲುಗಳ ಸಂಖ್ಯೆಯನ್ನು ಕಡಿಮೆ ಮಾಡತಕ್ಕದ್ದು.

ಒಬ್ಬರಿಗೆ ಎರಡು ಮೀನು ಎಂಬ ಮಿತಿಯೊಂದರಿಂದಲೇ ಕೆರೆ ಉಳಿಯುವುದಿಲ್ಲವೆಂಬುದೂ ಇದರಿಂದ ತಿಳಿಯುತ್ತದೆ. ಹತ್ತು ಜನ ಬಂದರೆ ಇಪ್ಪತ್ತು, ನೂರು ಜನ ಬಂದರೆ ಇನ್ನೂರು. ತಲಾ ಮಿತಿಯೊಡನೆ ದಿನಕ್ಕೆ ಇಷ್ಟೇ ಕೋಲು ಎಂಬ ಮಿತಿಯೂ ಇರಬೇಕು.

ಮೀನು ಬಿಡುವ ಕ್ರಮ

ಸಣ್ಣ ಮೀನನ್ನು ಬಿಡಬೇಕೆಂದು ಹೇಳಿದರೆ ಸಾಲದು. ಸರಿಯಾಗಿ ಬಿಡದಿದ್ದರೆ ಬಿಟ್ಟ ಮೀನು ಮರುದಿನ ತೇಲುತ್ತದೆ.

ಗಾಳದ ಮುಳ್ಳಿನ ಹಿಂಗೊಕ್ಕೆಯನ್ನು ಇಕ್ಕುಳದಿಂದ ಒತ್ತಿ ಮಟ್ಟಮಾಡಿಕೊಂಡರೆ ಮೀನಿನ ಬಾಯಿ ಹರಿಯದೆ ಗಾಳ ಬಿಡಿಸಬಹುದು. ಒಣ ಕೈಯಿಂದಲೋ ಬಟ್ಟೆಯಿಂದಲೋ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಹೋಗಿ ಹುಣ್ಣಾಗುತ್ತದೆ. ಕೈ ಒದ್ದೆ ಮಾಡಿಕೊಂಡೇ ಹಿಡಿಯಬೇಕು. ಕಿವಿರಿನೊಳಗೆ ಬೆರಳು ಹಾಕಬಾರದು. ಗಾಳ ಗಂಟಲಿಗೆ ಇಳಿದಿದ್ದರೆ ಎಳೆಯದೆ ದಾರವನ್ನು ಬಾಯಿಯ ಹತ್ತಿರವೇ ಕತ್ತರಿಸಿ ಬಿಡಬೇಕು. ಹಿಂಡಿಯ ಉಂಡೆಯ ಸುತ್ತ ನಾಲ್ಕೈದು ಗಾಳ ಕಟ್ಟಿ ಎಸೆಯುವ ವಾಡಿಕೆಯಿದೆ. ಅದರಲ್ಲಿ ಮೀನಿಗೆ ಬಾಯಲ್ಲಷ್ಟೇ ಅಲ್ಲದೆ ಕಣ್ಣಿಗೆ, ಹೊಟ್ಟೆಗೆ ಗಾಳ ಚುಚ್ಚಿಕೊಳ್ಳುತ್ತದೆ. ಹಾಗೆ ಗಾಯವಾದ ಮೀನು ಬಿಟ್ಟರೂ ಬದುಕುವುದಿಲ್ಲ. ಒಂದು ದಾರಕ್ಕೆ ಒಂದೇ ಗಾಳ ಎಂದು ನಿಯಮ ಮಾಡಿ. ತುಂಡಾದ ನೈಲಾನ್ ದಾರವನ್ನು ನೀರಿನಲ್ಲಿ ಬಿಡಬೇಡಿ. ಮಡಿವಾಳದಂತಹ ಕೆರೆಗಳಿಗೆ ಬರುವ ಹೆಜ್ಜಾರ್ಲೆಯಂತಹ ನೀರುಹಕ್ಕಿಗಳ ಕಾಲಿಗೂ ಕೊಕ್ಕಿಗೂ ಅದು ಉರುಳಾಗುತ್ತದೆ.

ನೀರು ಕೆಟ್ಟಾಗ

ಬೆಳಗಿನ ಜಾವ ಮೀನುಗಳು ನೀರಿನ ಮೇಲೆ ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ ಎಂದು ತಿಳಿಯಬೇಕು. ಕೊಳಚೆ ಸೇರಿದ ಕೆರೆಗಳಲ್ಲಿ ಬೇಸಗೆಯಲ್ಲಿ ಮತ್ತು ಮೊದಲ ಮಳೆಯ ನೀರು ಬಂದಾಗ ಹೀಗಾಗುವುದು ಹೆಚ್ಚು. 2016ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ನಿಮಗೆ ನೆನಪಿರಬಹುದು. ಇಂತಹ ದಿನಗಳಲ್ಲಿ ಗಾಳ ಹಾಕಿ ಬಿಟ್ಟ ಮೀನು ಚೇತರಿಸಿಕೊಳ್ಳುವುದಿಲ್ಲ. ಗಾಳವನ್ನು ನಿಲ್ಲಿಸಿ, ಬಲಿತ ಮೀನನ್ನು ಬಲೆಯಿಂದ ಬೇಗ ತೆಗೆದು ಮಾರುವುದೇ ಮೇಲು. ಸತ್ತ ಮೀನನ್ನು ಮಾರಬಾರದು, ತಿನ್ನಬಾರದು.

ಕಾರ್ಖಾನೆಯ ನೀರು ಬರುವ ಕೆರೆಯಾದರೆ ಅಲ್ಲಿನ ಮೀನನ್ನು ತಿನ್ನುವುದು ಕ್ಷೇಮವಲ್ಲ. ಅಲ್ಲಿ ಹಿಡಿಯುವ ನಿಯಮಕ್ಕಿಂತ ಮೊದಲು ನೀರಿನ ಪರೀಕ್ಷೆಯಾಗಬೇಕು.

ಕಾನೂನು ಹೇಳುವುದೇನು?

ಮೀನು ಹಿಡಿಯುವುದಕ್ಕೆ ಕಟ್ಟಳೆ ಹೊಸದೇನಲ್ಲ. ಬ್ರಿಟಿಷರ ಆಡಳಿತದ 1897ರ ಮೀನುಗಾರಿಕೆ ಕಾಯ್ದೆಯೇ ನೀರಿಗೆ ಸಿಡಿಮದ್ದು ಹಾಕುವುದನ್ನೂ ವಿಷ ಬೆರೆಸುವುದನ್ನೂ ಅಪರಾಧವೆಂದಿತು. ಬಲೆಯ ಬಗೆ ಮತ್ತು ಕಣ್ಣಿನ ಅಳತೆಗೆ ನಿಯಮ ಮಾಡುವ, ಗೊತ್ತಾದ ನೀರಿನಲ್ಲಿ ಎರಡು ವರ್ಷ ಮೀರದಂತೆ ಮೀನು ಹಿಡಿಯುವುದನ್ನೇ ನಿಲ್ಲಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಈಗ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ ಇದೆ. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗೆ ಇಳಿಯುವಂತಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಕಡಲಿನ ಮೀನಿಗೆ ಎರಡು ತಿಂಗಳ ಬಿಡುವು ಬೇಕಾದರೆ ಒಂದು ಕೆರೆಯ ಕೊರವನಿಗೆ ನಾಲ್ಕು ತಿಂಗಳು ಕೊಡುವುದು ಹೆಚ್ಚೇನಲ್ಲ.

ಗುತ್ತಿಗೆಗೆ ಕೊಟ್ಟ ಕೆರೆಯಲ್ಲಿ ಗುತ್ತಿಗೆದಾರರ ಒಪ್ಪಿಗೆಯಿಲ್ಲದೆ ಗಾಳ ಹಾಕಬಾರದು. ಗುತ್ತಿಗೆದಾರರೂ ತಮ್ಮ ಕರಾರಿನಲ್ಲಿ ಗಾಳದವರಿಂದ ಶುಲ್ಕ ಪಡೆಯಲು ಅವಕಾಶವಿದೆಯೇ ಎಂಬುದನ್ನು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಕೊಂಡೇ ಮುಂದುವರಿಯಬೇಕು.

ಊರಿನವರು ಮಾಡಬೇಕಾದ್ದು

ಮರಿ ಬಿಡುವ ಮೊದಲೇ, ಮಳೆಗಾಲದ ಆರಂಭದಲ್ಲಿ, ಪಂಚಾಯಿತಿಯವರು, ಗುತ್ತಿಗೆದಾರರು, ಬೆಸ್ತರ ಸಂಘದವರು ಮತ್ತು ಊರಿನ ಗಾಳದ ಹುಡುಗರು ಒಟ್ಟಿಗೆ ಕೂರಬೇಕು. ಹುಡುಗರನ್ನು ಬಿಟ್ಟು ಮಾಡಿದ ನಿಯಮವನ್ನು ಕಾಯಲು ರಾತ್ರಿಯೆಲ್ಲ ಕಾವಲು ಬೇಕು. ಅವರನ್ನೂ ಸೇರಿಸಿ ಮಾಡಿದ ನಿಯಮಕ್ಕೆ ಅವರೇ ಕಾವಲು. ಪಟ್ಟಣದಿಂದ ಬರುವವರಿಗೆ ನಿಯಮ ಹೇಳುವವರೂ ಅವರೇ ಆಗಲಿ. ಸಭೆಯಲ್ಲಿ ಈ ಅಂಶಗಳನ್ನು ಗೊತ್ತುಮಾಡಿಕೊಳ್ಳಿ:

1. ಮರಿ ಬಿಟ್ಟ ಮೊದಲ ಆರು ತಿಂಗಳು ಗೆಂಡೆಗಳಿಗೆ ಗಾಳವಿಲ್ಲ. ಜಿಲೇಬಿಗೆ ಮಾತ್ರ ಸಣ್ಣ ಗಾಳ, ಎರೆಹುಳುವಿನ ಮೇವು, ಗೊತ್ತಾದ ಒಂದು ಬದಿಯಲ್ಲಿ. ಗೆಂಡೆ ಬಿದ್ದರೆ ಕೂಡಲೇ ಬಿಡಬೇಕು.

2. ಆರು ತಿಂಗಳಾದ ಮೇಲೆ, ತೂಕ ನೋಡಿ, ವಾರದಲ್ಲಿ ಒಂದು ದಿನ, ಇಷ್ಟು ಕೋಲು, ತಲಾ ಇಷ್ಟು ಮೀನು ಎಂದು ಅವಕಾಶ.

3. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೊಂಡಿನ ಅಂಚಿನಲ್ಲಿ ಗಾಳ, ಬಲೆ ಎರಡೂ ಇಲ್ಲ.

4. ಏರಿಯ ಮೇಲೆ ಅಳತೆಯ ಗೆರೆ, ತೂಬಿನ ಬಳಿ ಒಂದು ಪುಸ್ತಕ. ದಿನ, ಕೋಲು, ಗಂಟೆ, ಜಾತಿ, ಉದ್ದ ಎಂಬ ಐದು ಕಲಮುಗಳು ಸಾಕು. ಬಲೆ ಎಳೆದ ದಿನ ಗುತ್ತಿಗೆದಾರರೂ ಅದೇ ಪುಸ್ತಕದಲ್ಲಿ ಬರೆಯಬೇಕು.

5. ಇಲಾಖೆಯ ಒಪ್ಪಿಗೆಯಿಂದ ಶುಲ್ಕ ಬಂದರೆ ಅದು ಮುಂದಿನ ವರ್ಷದ ಮರಿಗೆ ಸೇರಬೇಕು.

6. ವರ್ಷದ ಕೊನೆಯಲ್ಲಿ ಪುಸ್ತಕವನ್ನು ಎಲ್ಲರ ಮುಂದೆ ಓದಿ, ಮುಂದಿನ ವರ್ಷದ ಮಿತಿಗಳನ್ನು ಅದರ ಮೇಲೆ ಏರಿಸಬೇಕು ಅಥವಾ ಇಳಿಸಬೇಕು.

ಪುಸ್ತಕಕ್ಕೆ ಆಗುವ ಖರ್ಚು ಅಲ್ಪ. ಮೊದಲ ವರ್ಷ ಬರೆದದ್ದು ಅರೆಬರೆಯಾದೀತು. ಎರಡನೆಯ ವರ್ಷ ಅದೇ ನಿಮ್ಮ ಕೆರೆಯ ಜಾತಕವಾಗುತ್ತದೆ. ಕೆರೆಯ ಮೀನು ಯಾರದೆಂಬ ಜಗಳಕ್ಕೆ ಕೊನೆಯಿಲ್ಲ. ಕೆರೆಯಲ್ಲಿ ಮೀನೆಷ್ಟು, ಅದರಲ್ಲಿ ಈ ವರ್ಷ ಎಷ್ಟು ತೆಗೆಯಬಹುದು ಎಂಬ ಪ್ರಶ್ನೆಗೆ ಉತ್ತರ ಉಂಟು. ಬರುವ ಮುಂಗಾರಿಗೆ ಮರಿ ತರುವ ಮುನ್ನ ಪುಸ್ತಕ ತಂದಿಡಿ.